ಅಕ್ಕಂದು ಇಳದೈತಿ

ಗೊರೇಬಾಳದ ಮಾನಪ್ಪ ಗದ್ದೆಗೆ ನೀರು ತಿರುಗಿಸುತ್ತಿದ್ದಾಗ ಫೋನು ಬಂತು. ಅಕ್ಕನ ಮಗಳು ಪ್ರಿಯಾಂಕಾ. ಖುಷಿಯಿಂದ ಕೂಗುತ್ತಿದ್ದಳು.

“ಇಳದೈತಿ ಮಾಮಾ! ಅವ್ವಂದು ಪೂರಾ ಇಳದೈತಿ! ಲಿಂಗಸುಗೂರದಾಗ ಅದೀವಿ, ನೀ...”

ಫೋನು ಕಟ್ಟಾಯಿತು.

ಮಾನಪ್ಪನ ಕೈಯಿಂದ ಸಲಿಕೆ ಜಾರಿತು. ಅಕ್ಕನ ಸಿಟ್ಟು ಇಳಿದಿದೆ! ಹೋದ ವರ್ಷ ಬೇಸಿಗೆಯಲ್ಲಿ ಅವ್ವ ತೀರಿಕೊಂಡಾಗ, ಹಿರಿಯರ ಅವಸರಕ್ಕೆ ಬಿದ್ದು, ಪಾಮನಕಲ್ಲೂರಿನಿಂದ ಅಕ್ಕ ಆದೆಮ್ಮ ಬಂದು ಮುಟ್ಟುವ ಮೊದಲೇ ಅವನು ಮಣ್ಣು ಮಾಡಿಬಿಟ್ಟಿದ್ದ. ಅವ್ವನ ಮುಖ ಕಾಣದ ಆದೆಮ್ಮ ಅಂದಿನಿಂದ ತಮ್ಮನ ಜೊತೆ ಮಾತಾಡಿರಲಿಲ್ಲ.

ಕೆಸರುಗಾಲಲ್ಲೇ ಬೈಕು ಹತ್ತಿದ. ಮಸ್ಕಿ ಯಾವಾಗ ಬಂತೋ ತಿಳಿಯಲಿಲ್ಲ. ಅಲ್ಲಿ ಬಿಸಿ ಜಿಲೇಬಿ ಕಟ್ಟಿಸಿಕೊಂಡ. “ನಮ್ಮಕ್ಕ ಮಾಫ್ ಮಾಡ್ಯಾಳ್ರೀ!” ಎಂದು ಕೇಳದಿದ್ದರೂ ಅಂಗಡಿಯವನಿಗೆ ಹೇಳಿದ.

ಲಿಂಗಸುಗೂರು ಮುಟ್ಟಿ ಫೋನು ಮಾಡಿದರೆ ಪ್ರಿಯಾಂಕಾ ಒಂದು ದವಾಖಾನೆಯ ಹೆಸರು ಹೇಳಿದಳು. ಓಡಿದ. ಆದೆಮ್ಮ ಮಂಚದ ಮೇಲಿದ್ದಳು, ಕೈಗೆ ಸಲೈನ್ ಹಚ್ಚಿದ್ದರು.

“ಇವನ್ಯಾಕ ಬಂದ?” ಎಂದಳು ಮಗಳಿಗೆ.

“ಸಿಟ್ಟು ಇಳದೈತಿ ಅಂದ್ಯಲ್ಲ...” ಮಾನಪ್ಪ ತೊದಲಿದ.

“ಜ್ವರ ಮಾಮಾ! ಡೆಂಗಿ ಜ್ವರ ಇಳದೈತಿ ಅಂದೆ! ನಿನಗ ಹೇಳಬ್ಯಾಡ ಅಂದಿದ್ಲು ಅವ್ವ, ಖುಷೀಲೆ ತಡೀಲಾರದ ಹೇಳಿಬಿಟ್ಟೆ.”

ಮಾನಪ್ಪನ ಮುಖ ಬಿಳುಚಿತು. “ಡೆಂಗಿ? ನನಗ ಒಂದು ಮಾತು ಹೇಳಲಿಲ್ಲಲ್ಲ ಅಕ್ಕಾ! ಏನಾರ ಆಗಿದ್ರ ನಿನ್ನ ಮುಖಾನೂ ನನಗ...” ತಾನು ಏನು ಹೇಳುತ್ತಿದ್ದೇನೆಂದು ಅವನಿಗೇ ಹೊಳೆಯಿತು. ಮಂಚದ ಕಾಲ ಬಳಿ ಕುಸಿದು ಕೂತು ಗಳಗಳ ಅತ್ತ.

ಆದೆಮ್ಮ ಅವನ ಕಡೆ ಹೊರಳಿದಳು. “ಈಗ ತಿಳೀತೇನ್ಲೇ, ಹೆಂಗಿರತೈತಿ ಅಂತ?”

“ತಿಳೀತು. ತಪ್ಪಾತು ಅಕ್ಕಾ.”

ಸಲೈನ್ ಇಲ್ಲದ ಕೈಯಿಂದ ಅವನ ತಲೆ ಸವರಿದಳು. “ಜ್ವರ ಮುಂಜಾನೆ ಇಳೀತು. ಇದು ಈಗ ಇಳೀತು ನೋಡು. ಏಳು, ಕಣ್ಣು ಒರಸ್ಕೋ.”

ಪ್ರಿಯಾಂಕಾ ಚಪ್ಪಾಳೆ ತಟ್ಟಿದಳು. ಮಾನಪ್ಪ ಅಳುತ್ತಲೇ ನಕ್ಕ. ಗದ್ದಲ ಕೇಳಿ ನರ್ಸಮ್ಮ ಬೈಯುತ್ತ ಒಳಗೆ ಬಂದರೆ, ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಅವರ ಕೈಗೆ ಜಿಲೇಬಿ ತುರುಕಿದರು.