ಮೂರನೆಯವಳು ನಿಲ್ಲುವ ಜಾಗ

ವಿಶ್ವವಿದ್ಯಾಲಯದ ರಂಗಭೂಮಿ ಮತ್ತು ನೃತ್ಯ ವಿಭಾಗದಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಸೊಸೆ ಮೇಡಂ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ವಿಭಾಗವನ್ನು ಕಟ್ಟಿ ಬೆಳೆಸಿ, ವಯಸ್ಸಾಯಿತೆಂದು ಬಿಟ್ಟು ಬಂದವರು ಅವಳ ಅತ್ತೆ. ಈ ವರ್ಷ ಸೊಸೆಯೇ ಮುಖ್ಯಸ್ಥೆಯಾದಾಗ ಆಫೀಸಿನವರು, "ಮನೇಲೂ ಅತ್ತೆ ಕಾರುಬಾರು, ಇಲ್ಲೂ ಅತ್ತೆ ಕಟ್ಟಿದ ಗೂಡು, ಪಾಪ ಎಲ್ಲಿಗೆ ಹೋಗ್ತಾರೆ" ಎಂದು ನಕ್ಕರು. ಸೊಸೆಯೂ ನಕ್ಕಳು. ನಿಜಕ್ಕೂ ಅವಳಿಗೆ ಅತ್ತೆಯೆಂದರೆ ಅಚ್ಚುಮೆಚ್ಚು. ಮದುವೆಗೆ ಮುಂಚೆ, ಆ ಹುಡುಗನ ತಾಯಿ ಇಂಥವರು ಎಂದು ಗೊತ್ತಾದ ಮೇಲೆಯೇ ಅವಳು ಹುಡುಗನನ್ನು ಸರಿಯಾಗಿ ತಲೆಯೆತ್ತಿ ನೋಡಿದ್ದು. ಗಂಡನಿಗೆ ಇದು ಗೊತ್ತು. ಜಗಳ ಬಂದಾಗ ಎತ್ತಿ ಆಡುತ್ತಾನೆ.

ವಿಭಾಗಕ್ಕೆ ಇರುವುದು ಒಂದೇ ದೊಡ್ಡ ಕೋಣೆ. ಮರದ ನೆಲ, ಒಂದು ಗೋಡೆಯುದ್ದಕ್ಕೂ ಕನ್ನಡಿ, ಕನ್ನಡಿಯ ಮೇಲೆ ಪರದೆ. ನೃತ್ಯದವರು ಬಂದರೆ ಪರದೆ ಸರಿಸುತ್ತಾರೆ, ನಾಟಕದವರು ಬಂದರೆ ಎಳೆಯುತ್ತಾರೆ. ನಟನಾದವನು ತನ್ನ ಮುಖ ತಾನೇ ನೋಡಿಕೊಳ್ಳಬಾರದಂತೆ. ದಿನವಿಡೀ ಆ ಪರದೆಯ ಬಳೆಗಳು ಕಿರ್ರೆನ್ನುತ್ತಲೇ ಇರುತ್ತವೆ. ಎರಡು ಪಂಗಡಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಇವರು ಕುಣಿದು ಬೆವರು ಸುರಿಸಿ ಹೋದರೆಂದು ಅವರು ಮೂಗು ಮುರಿಯುತ್ತಾರೆ, ಅವರು ಮೊಳೆ ಹೊಡೆದು ನೆಲ ಹಾಳು ಮಾಡಿದರೆಂದು ಇವರು ಮುಖ ಊದಿಸುತ್ತಾರೆ. ಇಷ್ಟಿದ್ದೂ, ವರ್ಷದ ಕೊನೆಯಲ್ಲಿ ಇಬ್ಬರೂ ಬಾಯಿ ಮುಚ್ಚಿ ಒಟ್ಟಿಗೆ ಕೂತು ನೋಡುವುದೊಂದಿತ್ತು. ಅದೇ ಅತ್ತೆಯವರ 'ಹೊರಟವರು'.

ಏಳು ಹೆಂಗಸರು ಊರು ಬಿಟ್ಟು ಹೊರಡುತ್ತಾರೆ. ಆ ನೃತ್ಯದ ಕತೆ ಅಷ್ಟೇ. ಅದನ್ನು ಯಾರೂ ಬರೆದಿಟ್ಟಿಲ್ಲ, ಚಿತ್ರೀಕರಿಸಿಲ್ಲ, ಅತ್ತೆ ಬಿಡುತ್ತಿರಲಿಲ್ಲ. ಹೋದ ವರ್ಷ ಕುಣಿದ ಏಳು ಜನ ಈ ವರ್ಷದ ಏಳು ಜನಕ್ಕೆ ಕಲಿಸಬೇಕು. ಮೊದಲನೆಯವಳು ಮೊದಲನೆಯವಳಿಗೆ, ಎರಡನೆಯವಳು ಎರಡನೆಯವಳಿಗೆ, ಹೀಗೆ. ಇದಕ್ಕೆ ಅಲ್ಲಿ ಜಾಗ ಕೊಡುವುದು ಎನ್ನುತ್ತಾರೆ. ಕಲಿಸಿದವಳು ವಯಸ್ಸಿನಲ್ಲಿ ಕಿರಿಯಳಾದರೂ ಕಲಿತವಳಿಗೆ ಅಕ್ಕ. ಅವಳ ಅಕ್ಕ, ಆ ಅಕ್ಕನ ಅಕ್ಕ ಎಂದು ಹಿಂದಕ್ಕೆ ಹೋದರೆ ಕೊನೆಗೆ ಸಿಗುವವರು ಅತ್ತೆ. ಅವರಿಗೆ ಮಾತ್ರ ಅಕ್ಕ ಇಲ್ಲ.

ನೃತ್ಯದ ನಡುವೆ ಏಳೂ ಜನ ಊರಿನ ಕಡೆ ಮುಖ ಮಾಡಿ ನಿಂತಿರುತ್ತಾರೆ. ಡ್ರಮ್ಮಿನ ಪೆಟ್ಟು ಬೀಳುತ್ತದೆ. ಎಲ್ಲರೂ ದಾರಿಯ ಕಡೆ ತಿರುಗುತ್ತಾರೆ. ಮೂರನೆಯವಳು ತಿರುಗುವುದಿಲ್ಲ. ಉಳಿದವರು ನಡೆದು ಹೋಗುತ್ತಿದ್ದರೂ ತಾಳದ ಒಂದು ಇಡೀ ಸುತ್ತು ಅವಳು ಹಾಗೇ ನಿಂತು ಹಿಂದಕ್ಕೆ ನೋಡುತ್ತಾಳೆ, ಆಮೇಲೆ ಬಂದು ಸೇರಿಕೊಳ್ಳುತ್ತಾಳೆ. ಸೊಸೆ ಇದನ್ನು ಮೊದಲು ನೋಡಿದ್ದು ಹದಿನೆಂಟರ ವಯಸ್ಸಿನಲ್ಲಿ. ಯಾರೋ ಗೆಳತಿ ಎಳೆದುಕೊಂಡು ಬಂದಿದ್ದಳು. ಲೆಕ್ಕಶಾಸ್ತ್ರಕ್ಕೆ ಸೇರಬೇಕೆಂದಿದ್ದ ಹುಡುಗಿ, ಆ ಒಂದು ಸುತ್ತು ಮುಗಿಯುವುದರೊಳಗೆ ಎಲ್ಲಾ ಲೆಕ್ಕ ಮರೆತುಬಿಟ್ಟಳು. ಮರುದಿನವೇ ಬಂದು ಈ ವಿಭಾಗದ ಅರ್ಜಿ ಕೇಳಿದಳು. ಮುಂದೆ ಅವಳಿಗೆ ಸಿಕ್ಕಿದ್ದು ಐದನೆಯ ಜಾಗ. ಮೂರನೆಯದು ಸಿಗಲಿಲ್ಲವೆಂಬ ಹೊಟ್ಟೆಯುರಿ ಇವತ್ತಿಗೂ ಪೂರ್ತಿ ಆರಿಲ್ಲ.

ಈ ವರ್ಷ ವಿಶ್ವವಿದ್ಯಾಲಯದವರು 'ಹೊರಟವರು' ನೃತ್ಯವನ್ನು ಶಾಶ್ವತವಾಗಿ ಚಿತ್ರೀಕರಿಸಿ ಇಡಬೇಕೆಂದು ಹಟ ಹಿಡಿದರು. ಅದಕ್ಕೆ ಮುಂಚೆ ಅತ್ತೆ ಬಂದು ನೋಡಿ ಸರಿಯೆನ್ನಬೇಕು. ಅತ್ತೆ ಕೆಲಸ ಬಿಟ್ಟ ದಿನದಿಂದ ಆ ಕೋಣೆಗೆ ಕಾಲಿಟ್ಟವರಲ್ಲ, ಮನೆಯಲ್ಲಿ ಆ ನೃತ್ಯದ ಮಾತೆತ್ತಲೂ ಬಿಟ್ಟವರಲ್ಲ.

"ಬಿಟ್ಟ ಮೇಲೆ ಇಣುಕಬಾರ್ದಮ್ಮ. ಇಣುಕಿದ್ರೆ ತಪ್ಪು ಕಾಣುತ್ತೆ, ಕಂಡ್ರೆ ಬಾಯಿ ಸುಮ್ನಿರಲ್ಲ" ಎಂದರು.

"ಇದೊಂದ್ಸಲ ಬನ್ನಿ ಅತ್ತೆ. ನಾನು ಮುಖ್ಯಸ್ಥೆ ಆದ್ಮೇಲೂ ನೀವು ಬರ್ಲಿಲ್ಲ ಅಂದ್ರೆ ಜನ ನಮ್ಮಿಬ್ರಿಗೆ ಮಾತು ಬಿಟ್ಟಿದೆ ಅಂತಾರೆ."

"ಅನ್ಲಿ. ಮನೇಲಿ ನಮ್ಮ ಮಾತು ಕೇಳ್ಸ್ಕೊಳ್ಳೋರಿಗೆ ಗೊತ್ತು" ಎಂದರೂ ಅತ್ತೆ ಒಪ್ಪಿಕೊಂಡರು.

ಮೊದಲ ಅರ್ಧವರ್ಷ ಎಂದಿನಂತೆ ಹೋಯಿತು. ಹೊಸಬರು ಬಂದರು, ಕಾಲು ಉಳುಕಿಸಿಕೊಂಡರು, ಅತ್ತರು, ಗಟ್ಟಿಯಾದರು. ನಾಟಕದವರು ಒಂದು ಪ್ರಹಸನ ಮಾಡಿ ರಂಗದ ಹಲಗೆ ಗೋಡೆಯನ್ನೇ ಬೀಳಿಸಿಕೊಂಡು, ಬಿದ್ದದ್ದೂ ನಾಟಕವೇ ಎಂಬಂತೆ ಮುಂದುವರಿಸಿ ಚಪ್ಪಾಳೆ ಗಿಟ್ಟಿಸಿದರು. ಸೊಸೆಗೆ ಈ ಮಕ್ಕಳ ಧೈರ್ಯ ಕಂಡರೆ ಎದೆ ತುಂಬಿ ಬರುತ್ತಿತ್ತು. ಅಷ್ಟರಲ್ಲಿ ಮೂರನೆಯ ಜಾಗ ಕಲಿಯುತ್ತಿದ್ದ ಹುಡುಗಿ ಮೆಟ್ಟಿಲು ತಪ್ಪಿ ಕಾಲು ಮುರಿದುಕೊಂಡಳು. ನೃತ್ಯದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ನಾಟಕದ ಕಡೆಯಿಂದ ಒಬ್ಬಳು ಬಂದಳು.

ಅವಳಿಗೆ ಯಾಕಮ್ಮ ಎಂದು ಅಡ್ಡಹೆಸರು, ಏನು ಹೇಳಿದರೂ ಯಾಕೆ ಎನ್ನುವವಳಾದ್ದರಿಂದ. ಗಟ್ಟಿ ಆಳು, ಅಗಲ ಭುಜ, ನಿಧಾನದ ನಡೆ. ನೃತ್ಯದಲ್ಲಿ ಯಾಕೆ ಎಂದು ಯಾರೂ ಕೇಳುವುದಿಲ್ಲ, ಎಣಿಸುತ್ತಾರೆ.

"ಅವ್ಳು ಯಾಕೆ ನಿಲ್ತಾಳೆ ಮೇಡಂ?" ಎಂದು ಯಾಕಮ್ಮ ಮೊದಲ ದಿನವೇ ಕೇಳಿದಳು.

"ನಿಮ್ಮಕ್ಕ ಏನಂದ್ಳು?"

"ಎಣಿಸು, ನಿಲ್ಲು ಅಂದ್ರು. ಯಾಕೆ ಅಂತ ಅವ್ರಿಗೂ ಗೊತ್ತಿಲ್ಲ."

ಸೊಸೆಗೂ ಗೊತ್ತಿರಲಿಲ್ಲ. "ನೀನೇ ಹುಡುಕ್ಕೋ" ಎಂದಳು. ಹುಡುಗಿ ವಾರಗಟ್ಟಲೆ ಹುಡುಕಿದಳು. ಎಲ್ಲರೂ ಊಟಕ್ಕೆ ಹೋದ ಮೇಲೆ ಒಬ್ಬಳೇ ಆ ಜಾಗದಲ್ಲಿ ನಿಂತು ಖಾಲಿ ಗೋಡೆ ನೋಡುವಳು. ಒಂದು ದಿನ ಅವಳ ನಿಲುವು ತಾನಾಗಿ ಬದಲಾಯಿತು. ಕುತ್ತಿಗೆ ಸ್ವಲ್ಪ ಮುಂದೆ ಬಂತು, ಬಲಗೈ ಅರ್ಧ ಎದ್ದು ಅಲ್ಲೇ ಉಳಿಯಿತು. "ಒಲೆ ಆರಿಸಿದ್ನಾ, ಕದ ಹಾಕಿದ್ನಾ ಅಂತ ನೋಡ್ತಾಳೆ ಮೇಡಂ. ಇನ್ಮೇಲೆ ಅದು ಅವ್ಳ ಕದ ಅಲ್ಲ ಅಂತ ಆಮೇಲೆ ನೆನಪಾಗುತ್ತೆ" ಎಂದಳು. ಇಷ್ಟು ವರ್ಷಗಳಲ್ಲಿ ಮೂರನೆಯವಳು ಹೀಗೆ ನಿಂತದ್ದನ್ನು ಸೊಸೆ ಕಂಡಿರಲಿಲ್ಲ.

ಅದೇ ವಾರ ಮನೆಯಲ್ಲಿ ಹುರಳಿಕಾಯಿ ಹೆಚ್ಚುತ್ತಾ ಕೂತಿದ್ದಾಗ ಅತ್ತೆ ಏಳು ಕಾಯಿ ಆರಿಸಿ ಮೇಜಿನ ಮೇಲೆ ಸಾಲಾಗಿಟ್ಟರು. "ನೋಡೋಕೆ ಬರ್ತೀನಿ ಅಂದ್ಮೇಲೆ ನೆನಪು ಮಾಡ್ಕೋಬೇಕಲ್ಲ" ಎಂದು ಬಾಯಲ್ಲೇ ತಾಳ ಹೇಳುತ್ತಾ ಕಾಯಿಗಳನ್ನು ನಡೆಸತೊಡಗಿದರು. ಒಂದೂ ತಪ್ಪಲಿಲ್ಲ, ಎಷ್ಟು ವರ್ಷವಾಗಿದ್ದರೂ ಅವರ ಬೆರಳಿಗೆ ಎಲ್ಲಾ ಗೊತ್ತಿತ್ತು. ಸೊಸೆ ಮೆಚ್ಚಿ ನೋಡುತ್ತಲೇ ಇದ್ದಳು. ತಿರುಗುವ ಪೆಟ್ಟು ಬಂತು. ಏಳೂ ಕಾಯಿಗಳು ಒಟ್ಟಿಗೇ ತಿರುಗಿದವು.

"ಅತ್ತೆ, ಮೂರನೆಯವ್ಳು?"

"ಮೂರನೆಯವ್ಳಿಗೇನು? ಎಲ್ಲರ ಜೊತೆಗೇ. ಒಬ್ಬಳೂ ಹಿಂದೆ ಉಳೀಬಾರ್ದು, ಅದೇ ತಾನೇ ಅದರ ಬಿಗಿ."

ಸೊಸೆಯ ಚಾಕು ಹಾಗೇ ನಿಂತಿತು. "ಏನೂ ಇಲ್ಲ" ಎಂದು ನಾಲಿಗೆ ಕಚ್ಚಿಕೊಂಡಳು.

ಮರುದಿನದಿಂದ ಫೋನ್ ಹಿಡಿದು ಅಕ್ಕನಿಂದ ಅಕ್ಕನಿಗೆ ಹಿಂದಕ್ಕೆ ಹೊರಟಳು. ಮೂರನೆಯ ಜಾಗದ ಒಬ್ಬೊಬ್ಬಳೂ ಹೇಳಿದ್ದು ಒಂದೇ ಮಾತು: "ನಮ್ಮಕ್ಕ ಹಾಗೇ ಕಲಿಸಿದ್ದು." ಹೋಗುತ್ತಾ ಹೋಗುತ್ತಾ ಸಿಕ್ಕಿದವಳು, ಅತ್ತೆ ಬಿಟ್ಟ ಮೊದಲ ವರ್ಷ ಕುಣಿದವಳು. ಈಗ ದಂತವೈದ್ಯರ ಬಳಿ ರೋಗಿಗಳ ಹೆಸರು ಕೂಗುವ ಕೆಲಸ. ಸೊಸೆ ಅಲ್ಲಿಗೇ ಹೋದಳು. ಹಲ್ಲು ಹಿಡಿದುಕೊಂಡು ಕೂತವರ ಮಧ್ಯೆ ಆ ಹೆಂಗಸು ಮೊದಲು ಮುಖ ಕೆಂಪಗೆ ಮಾಡಿಕೊಂಡಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು.

"ಮರ್ತೋಯ್ತು ಕಣ್ರೀ! ತಿರುಗೋದು ಮರ್ತು ಕಂಬದ ಹಾಗೆ ನಿಂತ್ಬಿಟ್ಟೆ. ಮುಂದಿದ್ದೋರ್ಗೆ ನಾನು ಕಾಣ್ಲಿಲ್ಲ. ಎಚ್ಚರ ಆದಾಗ ಓಡ್ದೆ. ಇವತ್ತು ಮಾನ ಹೋಯ್ತು ಅಂದ್ಕೊಂಡೆ. ನೋಡಿದ್ರೆ ಜನ ಅಳ್ತಾ ಬಂದು ಕೈ ಹಿಡ್ಕೊಳ್ಳೋದೇ! ಆ ವರ್ಷ ಉಸ್ತುವಾರಿ ನಾಟಕದ ಮೇಷ್ಟ್ರದು. ಅವ್ರು, ದೊಡ್ಡ ಮೇಡಂ ಕೊನೇಲಿ ಎಂಥಾ ಜಾಗ ಸೇರಿಸಿ ಹೋಗಿದ್ದಾರೆ ಅಂದ್ರು. ನಾನ್ಯಾಕೆ ಬಾಯಿ ಬಿಡ್ಲಿ? ಮುಂದಿನ ವರ್ಷದೋಳಿಗೆ ಮರೆತೆ ಅಂತ ಹೇಳೋಕೆ ನಾಚಿಕೆ. ನಿಲ್ಲು ಅಂದೆ." ಆಮೇಲೆ ದನಿ ತಗ್ಗಿಸಿ, "ದೊಡ್ಡ ಮೇಡಂಗೆ ಹೇಳ್ಬೇಡಿ. ಈಗ್ಲೂ ಬಂದು ಕಿವಿ ಹಿಂಡ್ತಾರೆ" ಎಂದಳು.

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿನೆಂಟರ ಹುಡುಗಿಯಾಗಿ ಅವಳು ನೋಡಿದ್ದು ಅದೇ ಪ್ರದರ್ಶನ. ಅವಳ ಬದುಕನ್ನೇ ತಿರುಗಿಸಿದ್ದು ಒಬ್ಬಳ ಮರೆವು.

ತಪ್ಪು ಎಂದ ಮೇಲೆ ತಿದ್ದಬೇಕಲ್ಲ. ಅತ್ತೆಯವರ ಕಣ್ಣು ಎಂಥದೆಂದು ಎಲ್ಲರಿಗೂ ಗೊತ್ತು. ಕಿರುಬೆರಳು ಸೊಟ್ಟಗಿದ್ದರೂ ಬಿಡದವರು. ಅವರ ನೃತ್ಯದಲ್ಲಿ ಅವರದ್ದಲ್ಲದ ಒಂದು ಸುತ್ತನ್ನು ಶಾಶ್ವತ ಮಾಡಿ ಇಡುವುದು ಹೇಗೆ? ಸೊಸೆ ಯಾಕಮ್ಮನನ್ನು ಕರೆದು ಎಲ್ಲರ ಜೊತೆ ತಿರುಗಲು ಹೇಳಿದಳು. ಹುಡುಗಿ, ಎಂದೂ ಇಲ್ಲದವಳು, ಯಾಕೆ ಎನ್ನಲಿಲ್ಲ. ಮುಖ ಸಣ್ಣದು ಮಾಡಿಕೊಂಡು ತಿರುಗಿದಳು. ಏಳು ಜನ ಕತ್ತರಿಸಿದಂತೆ ತಿರುಗಿ ನಡೆದರು. ಎಲ್ಲಾ ಸರಿಯಿತ್ತು, ಜೀವ ಮಾತ್ರ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾಟಕದ ಹುಡುಗರು ಹೊರಟುಹೋದರು.

ಡ್ರಮ್ ಮೇಷ್ಟ್ರು, ಅತ್ತೆಯ ಕಾಲದಿಂದಲೂ ಬಾರಿಸುತ್ತಿರುವವರು, ಕೋಲು ಕೆಳಗಿಟ್ಟರು.

"ಇದು ತಪ್ಪು ಅಂತ ನಿಮ್ಗೆ ಮೊದ್ಲಿಂದ ಗೊತ್ತಿತ್ತಾ ಮೇಷ್ಟ್ರೆ?"

"ಗೊತ್ತಿಲ್ದೆ ಏನು? ಅವತ್ತು ಅವ್ಳು ಬರೋವರ್ಗೂ ಒಂದು ಸುತ್ತು ಹೆಚ್ಚಿಗೆ ಬಾರಿಸ್ದೋನೇ ನಾನು."

"ಮತ್ತೆ ಯಾರಿಗೂ ಹೇಳ್ಲಿಲ್ಲ?"

"ಚೆನ್ನಾಗಿತ್ತಲ್ಲಮ್ಮ" ಎಂದರು ಅವರು.

ಅತ್ತೆ ಬರುವ ದಿನ ಬಂತು. ಕೋಣೆಯನ್ನು ಎರಡೂ ಪಂಗಡದವರು ಸೇರಿ ಗುಡಿಸಿ ಒರೆಸಿದ್ದರು. ಅತ್ತೆ ಚಪ್ಪಲಿ ಹೊರಗೆ ಬಿಟ್ಟು, ಮೊಣಕಾಲು ಹಿಡಿದುಕೊಂಡು ಬಂದು, ನೆಲವನ್ನೊಮ್ಮೆ ಅಂಗಾಲಲ್ಲಿ ಸವರಿ ನೋಡಿ ಕುರ್ಚಿಯಲ್ಲಿ ಕೂತರು. ಎಂದೋ ಕಲಿತು ಹೋದವರೆಲ್ಲಾ ಗೋಡೆಗೆ ಒತ್ತಿ ನಿಂತಿದ್ದರು. ಹಲ್ಲಿನ ಆಸ್ಪತ್ರೆಯವಳು ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದಲ್ಲಿ, ಓಡಲು ಅನುಕೂಲವಾಗುವಂತೆ.

"ಮೇಡಂ, ಯಾವ್ದು ಮಾಡ್ಲಿ?" ಯಾಕಮ್ಮ ಬಂದು ಮೆಲ್ಲಗೆ ಕೇಳಿದಳು.

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆಯ ಮಾತಿಗೆ ಎದುರು ಹೋಗಿ ಅವಳಿಗೆ ಅಭ್ಯಾಸವಿರಲಿಲ್ಲ. ಹೋಗಬೇಕೆಂದು ಅನ್ನಿಸಿಯೂ ಇರಲಿಲ್ಲ. ಅತ್ತೆ ತೆಗೆದುಬಿಡಿ ಎಂದು ಒಂದು ಮಾತು ಅಂದರೆ ಆ ಸುತ್ತು ಇನ್ನೆಂದೂ ಇರುವುದಿಲ್ಲ.

"ನಿಂತ್ಕೋ" ಎಂದಳು. "ಬೈಗುಳ ನನಗಿರ್ಲಿ."

ಪೆಟ್ಟು ಬಿತ್ತು. ಆರು ಜನ ತಿರುಗಿದರು. ಯಾಕಮ್ಮ ನಿಂತಳು. ಕುತ್ತಿಗೆ ಮುಂದೆ ಬಂತು, ಕೈ ಅರ್ಧ ಎದ್ದಿತು.

"ನಿಲ್ಸಿ" ಎಂದರು ಅತ್ತೆ.

ಡ್ರಮ್ ನಿಂತಿತು. ಬಾಗಿಲ ಪಕ್ಕದವಳು ಒಂದು ಕಾಲು ಹೊರಗಿಟ್ಟಳು. ಸೊಸೆ ಮುಂದೆ ಬಂದು, "ಅತ್ತೆ, ಇದು ನಿಮ್ದಲ್ಲ, ಗೊತ್ತು. ತಪ್ಪಿನಿಂದ ಬಂದದ್ದು. ಆದ್ರೆ ನಾನು ಈ ಮನೆಗೆ, ಈ ವಿಭಾಗಕ್ಕೆ ಬಂದದ್ದೇ ಇದನ್ನ ನೋಡಿ. ನಾನಿದನ್ನ ತೆಗೆಯಲ್ಲ" ಎಂದಳು. ಎಲ್ಲರೆದುರಿಗೆ ಅತ್ತೆ ಎಂದದ್ದೂ ಅವಳಿಗೆ ಅರಿವಾಗಲಿಲ್ಲ.

ಅತ್ತೆ ಅವಳ ಕಡೆ ನೋಡಲೇ ಇಲ್ಲ. ಯಾಕಮ್ಮನನ್ನೇ ನೋಡುತ್ತಿದ್ದರು.

"ನಾವು ಊರು ಬಿಟ್ಟಾಗ ನಂಗೆ ಒಂಬತ್ತು ವರ್ಷ" ಎಂದರು. ಇದು ಸೊಸೆಗೆ ಗೊತ್ತಿರಲಿಲ್ಲ, ಅವರ ಮಗನಿಗೂ ಗೊತ್ತಿರಲಿಲ್ಲ. "ಅಮ್ಮ, ಅಜ್ಜಿ, ಚಿಕ್ಕಮ್ಮಂದಿರು, ನಾನೂ ಸೇರಿ ಏಳು ಜನ. ಊರು ಮುಳುಗಿಸೋ ನೀರು ಬರೋದ್ರೊಳಗೆ ಹೊರಡ್ಬೇಕಿತ್ತು. ಯಾರೂ ತಿರುಗಿ ನೋಡಬಾರ್ದು, ನೋಡಿದ್ರೆ ಕಾಲು ಬರಲ್ಲ ಅಂದ್ಳು ನಮ್ಮಮ್ಮ. ಯಾರೂ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ಇದನ್ನ ಕಟ್ಟುವಾಗ್ಲೂ ಒಬ್ಬಳನ್ನಾದ್ರೂ ನಿಲ್ಲಿಸೋಕೆ ನಂಗೆ ಧೈರ್ಯ ಬರ್ಲಿಲ್ಲ."

ಅವರು ಕುರ್ಚಿಯ ಕೈ ಹಿಡಿದು ಎದ್ದರು. ಸೊಸೆ ಹಿಡಿದುಕೊಳ್ಳಲು ಹೋದಳು, ಬೇಡವೆಂದು ಕೈ ಆಡಿಸಿದರು. ನಡೆದು ಹೋಗಿ ಮೂರನೆಯ ಜಾಗದಲ್ಲಿ, ಯಾಕಮ್ಮನ ಪಕ್ಕದಲ್ಲಿ ನಿಂತರು.

"ನಂಗೆ ಕಲಿಸು ಅಕ್ಕ" ಎಂದರು.

ಯಾಕಮ್ಮ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಅವರ ಬಲಗೈ ಹಿಡಿದು ಅರ್ಧಕ್ಕೆ ಎತ್ತಿದಳು, ಗದ್ದ ಮುಂದೆ ತಂದಳು, ಡ್ರಮ್ ಮೇಷ್ಟ್ರಿಗೆ ತಲೆಯಾಡಿಸಿದಳು. ಪೆಟ್ಟು ಬಿತ್ತು. ಅತ್ತೆ ಅಭ್ಯಾಸಬಲದಿಂದ ಫಕ್ಕನೆ ತಿರುಗಿಬಿಟ್ಟರು.

"ಅವಸರ ಬೇಡ, ನಿಲ್ಲಿ. ಇನ್ನೂ ನೋಡಿ ಆಗಿಲ್ಲ ನಿಮ್ದು" ಎಂದು ಗದರಿಸಿದಳು ಯಾಕಮ್ಮ.

ಅತ್ತೆ ಮತ್ತೆ ನಿಂತರು. ಮತ್ತೆ ಪೆಟ್ಟು ಬಿತ್ತು. ಈ ಸಲ ತಿರುಗಲಿಲ್ಲ. ಕೈ ಅರ್ಧ ಎತ್ತಿಕೊಂಡು ಎದುರಿನ ಖಾಲಿ ಗೋಡೆಯನ್ನು ನೋಡುತ್ತಾ ನಿಂತರು. ಒಂದು ಸುತ್ತು ಮುಗಿಯಿತು. ಡ್ರಮ್ ಮೇಷ್ಟ್ರು ಬಾರಿಸುತ್ತಲೇ, ಮುಂದೇನು ಎಂಬಂತೆ ಸೊಸೆಯ ಮುಖ ನೋಡಿದರು. ಸೊಸೆಗೆ ಕಣ್ಣು ಮಂಜಾಗಿತ್ತು. ಬಾರಿಸುತ್ತಾ ಇರಿ ಎಂದು ಕೈಸನ್ನೆ ಮಾಡಿದಳು. ಅತ್ತೆ ಇನ್ನೂ ನೋಡುತ್ತಿದ್ದರು.