ಹೊಸ ಪಾಯಿಂಟು

"ಇದನ್ನ ಇಂಗೆ ಉಜ್ಜಿದ್ದು ಯಾರು?"

ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಚಲುವಯ್ಯ ಕೇಳಿದಾಗ ಡ್ರೈವರ್ ಬೈರಯ್ಯನಿಗೆ ಮೈಯೆಲ್ಲ ಉರಿಯಿತು. ಡಾಕ್ಟರ ಕಾರಿನೊಳಗೆ ಹನ್ನೆರಡು ವರ್ಷದಿಂದ ಬೇರೆಯವರ ತಲೆ ಹೊಕ್ಕಿರಲಿಲ್ಲ.

"ನಾನೇ ಉಜ್ಜಿದ್ದು. ಏನೀಗ?"

"ಉಪ್ಪುಕಾಗ್ದ ಆಕಿ ಆಕಿ ಪಾಯಿಂಟ್ನ ಮುಖಾನೇ ತಿಂದಾಕ್ಬುಟ್ಟಿದ್ದೀಯಲ್ಲ ಬಾವ! ಇನ್ನು ಕಿಡಿ ಎಲ್ಲಿಂದ ಬಂದಾತು?"

ಬಾವ ಅಂದದ್ದು ತಮಾಷೆಗಲ್ಲ. ಬೈರಯ್ಯನ ಹೆಂಡತಿ ಮಾದಮ್ಮ ಸಾಲಗಾಮೆಯವಳು. ಚಲುವಯ್ಯನೂ ಅದೇ ಊರು, ಅದೇ ಕೇರಿ, ಮಾದಮ್ಮನ ತವರಿನಿಂದ ನಾಲ್ಕನೇ ಮನೆ. ಹಾಸನದಲ್ಲಿ ಮೆಕ್ಯಾನಿಕ್ಕನಾಗಿ ಖಾಕಿ ಪ್ಯಾಂಟು ಹಾಕಿಕೊಂಡ ಮೇಲೆ ಅವನ ಕೇರಿ ಯಾವುದೆಂದು ಯಾರೂ ಕೇಳಿರಲಿಲ್ಲ. ಶೆಡ್ಡಿಗೆ ಕಾಲಿಟ್ಟವನೇ ಆಚೀಚೆ ನೋಡಿ, "ಮಾದಕ್ಕ ಚೆಂದಾಗವ್ಳಾ?" ಎಂದು ಮೆಲ್ಲಗೆ ವಿಚಾರಿಸಿದ್ದ.

ಅರಕಲಗೂಡಿನಲ್ಲಿ ಡಾಕ್ಟರ್ ಗೌರೀಶಂಕರರ ಕಾರೆಂದರೆ ಬೈರಯ್ಯನ ಕಾರು. ದುಡ್ಡು ಕೊಟ್ಟವರು ಡಾಕ್ಟರು, ಅದು ಕೇಳುತ್ತಿದ್ದುದು ಮಾತ್ರ ಇವನ ಮಾತು. ಬೆಳಿಗ್ಗೆ ಹ್ಯಾಂಡ್ಲು ಸಿಕ್ಕಿಸಿ, "ಏಳವ್ವ ತಾಯಿ" ಎಂದು ಅರ್ಧ ಸುತ್ತು ಎತ್ತಿದರೆ ಗುರ್ ಎನ್ನುತ್ತಿತ್ತು. ಒಂದು ಸಲ ಕಾಂಪೌಂಡರು ಎತ್ತಲು ಹೋಗಿ ಹ್ಯಾಂಡ್ಲು ತಿರುಗಿ ಬಡಿದು, ತಿಂಗಳು ಕೈಗೆ ಪಟ್ಟಿ ಕಟ್ಟಿಕೊಂಡು ಓಡಾಡಿದರು. ಬೈರಯ್ಯ ಒಳಗೊಳಗೇ ಹಿಗ್ಗಿದ. ಆದರೆ ಕಳೆದ ತಿಂಗಳು ಕಾರು ಅವನ ಮಾತನ್ನೂ ಕೇಳದೆ ರಾಮನಾಥಪುರದ ದಾರಿಯಲ್ಲಿ ಮೂರು ಸಲ ಕೆಮ್ಮಿ ನಿಂತಿತು. ಬ್ಯಾಗು ಹಿಡಿದು ಎರಡು ಮೈಲಿ ನಡೆದ ಡಾಕ್ಟರು ಹಾಸನಕ್ಕೆ ಹೇಳಿಕಳಿಸಿದರು.

ಚಲುವಯ್ಯ ಕಿಡಿ ಹುಟ್ಟಿಸುವ ಹಳೆಯ ಪಾಯಿಂಟು, ಕಂಡೆನ್ಸರು, ರೋಟರು, ನಾಲ್ಕು ಪ್ಲಗ್ಗು ಬಿಚ್ಚಿ ಪೇಪರಿನ ಮೇಲೆ ಸಾಲಾಗಿ ಇಟ್ಟ. ಹೊಸದನ್ನು ಕೂರಿಸಿ, ಜೇಬಿನಿಂದ ಯಾರದೋ ಲಗ್ನಪತ್ರಿಕೆ ತೆಗೆದು ಅಂಚು ಹರಿದು ಪಾಯಿಂಟಿನ ಸಂದಿಗೆ ತೂರಿಸಿದ.

"ಲಗ್ನಪತ್ರಿಕೆಯಷ್ಟು ಸಂದು ಬೇಕು ಬಾವ. ಎಚ್ಚಾದ್ರೂ ಕೆಡ್ತು, ಕಮ್ಮಿಯಾದ್ರೂ ಕೆಡ್ತು."

ಡಾಕ್ಟರೇ ಕೂತು ಸೆಲ್ಫ್ ಎಳೆದರು. ಕಾರು ಒಂದೇ ಏಟಿಗೆ ಎದ್ದಿತು, ಯಾವ ತಾಯಿಯನ್ನೂ ಕರೆಯುವ ಕೆಲಸ ಬೀಳಲಿಲ್ಲ.

"ಬೈರಯ್ಯ, ಇನ್ನು ನಿನ್ನ ಹ್ಯಾಂಡ್ಲಿಗೆ ಪೆನ್ಶನ್ನು ಕಣೋ!" ಎಂದು ಡಾಕ್ಟರು ನಕ್ಕರು. ಬೈರಯ್ಯನೂ ನಕ್ಕ. ನಗದೆ ಏನು ಮಾಡಿಯಾನು?

ಅಷ್ಟನ್ನು ಅವನು ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ಡಾಕ್ಟರ ಹೆಂಡತಿ ಪ್ರೇಮಕುಮಾರಿ ಬಾಗಿಲಿಗೆ ಬಂದು, "ಕೈ ತೊಳ್ಕೊಂಡು ಒಳಗೆ ಬನ್ನಿ, ಕಾಫಿ ತಗೊಳ್ಳಿ" ಎಂದರು. ಚಲುವಯ್ಯ ಒಂದು ಗಳಿಗೆ ಬೈರಯ್ಯನ ಮುಖ ನೋಡಿ, ಮೆಟ್ಟಿಲು ಹತ್ತಿ ಹಜಾರದ ಬೆಂಚಿನ ಮೇಲೆ ಕೂತ. ಬೈರಯ್ಯನ ಕಾಫಿ ಎಂದಿನಂತೆ ಶೆಡ್ಡಿಗೆ ಬಂತು, ಎಂದಿನಂತೆ ಅವನಿಗೆಂದೇ ಬೇರೆ ಇಟ್ಟ ಲೋಟಕ್ಕೆ ಮೇಲಿನಿಂದ ಹೊಯ್ದದ್ದು. ಹನ್ನೆರಡು ವರ್ಷದಲ್ಲಿ ಆ ಮನೆಯಿಂದ ಅವನಿಗೆ ಸಿಕ್ಕಿದ್ದು 'ಬಾ', 'ಹೋಗು', 'ತಗೋ'. ಒಂದು 'ಬನ್ನಿ' ಅಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ನಿನ್ನೆ ಮೊನ್ನೆಯ ಹುಡುಗನಿಗೆ ಬನ್ನಿಯಂತೆ, ಬೆಂಚಂತೆ. ಹೊಟ್ಟೆಕಿಚ್ಚಿಗೆ ತಣ್ಣೀರು ಹೊಯ್ದರೆ ಆರೀತೇ ಅನ್ನುತ್ತಾರೆ. ಇಲ್ಲಿ ಹೊಯ್ದದ್ದು ಬಿಸಿ ಕಾಫಿ.

ಮನೆಗೆ ಹೋದರೆ ಮಾದಮ್ಮ ಗಾಯಕ್ಕೆ ಇನ್ನಷ್ಟು ಉಪ್ಪು ಸವರಿದಳು. "ನಮ್ ಚಲುವ ಅಷ್ಟು ದೊಡ್ಡೋನಾಗ್ಬುಟ್ನಾ! ಡಾಕ್ಟ್ರ ಅಜಾರ್ದಲ್ಲೇ ಕೂತಿದ್ನಾ!" ಎಂದು ಮುದ್ದೆ ಇಕ್ಕುತ್ತಾ ಮೂರು ಸಲ ಕೇಳಿದಳು. ಬೈರಯ್ಯ ಅರ್ಧ ಮುದ್ದೆ ಬಿಟ್ಟು ಎದ್ದ.

ನಾಲ್ಕು ದಿನ ಬಿಟ್ಟು ಪ್ರೇಮಕುಮಾರಿಯವರನ್ನು ರಾಮನಾಥಪುರದ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದ. ಕಾರು ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು, ಅದನ್ನೂ ಅವನಿಗೆ ಸಹಿಸಲಾಗಲಿಲ್ಲ.

"ಎಷ್ಟು ಚೊಕ್ಕ ಕೆಲಸ ನೋಡು. ಆ ಚಲುವಯ್ಯ ಯಾವೂರಿನೋರು?" ಅಮ್ಮಾವ್ರು ಹಿಂದಿನ ಸೀಟಿನಿಂದ ಕೇಳಿದರು.

"ಸಾಲಗಾಮೆ ಕಣ್ರವ್ವ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಸಾಲಗಾಮೆಯಲ್ಲಿ ಎಲ್ಲ ಜನವೂ ಇದ್ದಾರೆ. ಆದರೆ ನಾಲಿಗೆ ತುದಿಗೆ ಬಂದದ್ದು ಒಳಗೆ ಹೋಗಲಿಲ್ಲ.

"ನಮ್ ಮಾದಮ್ಮನ ಕೇರಿಯೋನೇ. ನಮ್ಮೋನೇ."

ಕನ್ನಡಿಯಲ್ಲಿ ಅವರ ಮುಖ ಕಂಡಿತು. "ಹೌದಾ" ಎಂದವರು ಹೊಗೆಸೊಪ್ಪಿನ ಹೊಲದ ಕಡೆ ತಿರುಗಿದರು. ಬೈರಯ್ಯನಿಗೆ ಒಂದು ಮೈಲಿಯವರೆಗೆ ಬಾಯೆಲ್ಲ ಸಿಹಿಯಾಗಿತ್ತು. ಆಮೇಲೆ ಅದೇನೋ, ಊರು ಬರುವವರೆಗೂ ಕನ್ನಡಿ ನೋಡಲು ಮನಸ್ಸಾಗಲಿಲ್ಲ.

ಹೊಸ ಪಾಯಿಂಟು ಓಡಿ ಓಡಿ ಸವೆದು ಕೂರುವುದರಿಂದ ಸಂದು ಇನ್ನೊಂದು ಸಲ ನೋಡಬೇಕು. ಹದಿನೈದು ದಿನಕ್ಕೆ ಚಲುವಯ್ಯ ಬಂದ. ಹಲ್ಲು ಬಿಟ್ಟು ನಗುತ್ತಾ ಮೆಟ್ಟಿಲ ಮೇಲೆ ಕಾಲಿಟ್ಟ.

"ಅಲ್ಲೇ ಇರು," ಎಂದರು ಪ್ರೇಮಕುಮಾರಿ ಬಾಗಿಲಿನಿಂದ. "ಶೆಡ್ಡಿನ ಹತ್ರ ಹೋಗು. ಬೈರಯ್ಯ ಇದಾನೆ."

ಮೆಟ್ಟಿಲ ಮೇಲಿನ ಕಾಲು ಕೆಳಗಿಳಿಯಿತು. ಆ ಕಾಲಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

ಶೆಡ್ಡಿಗೆ ಬಂದವನು ಬೈರಯ್ಯನನ್ನು ನೋಡಿದ. ಬೈರಯ್ಯ ಟೈರು ನೋಡಿದ. ಬೈದರೆ ಅನ್ನಲು ಉತ್ತರ ಸಿದ್ಧವಾಗಿತ್ತು: ನಾನೇನು ಸುಳ್ಳು ಹೇಳಿದ್ನಾ? ನಮ್ಮೋನನ್ನ ನಮ್ಮೋನು ಅನ್ಬಾರ್ದಾ? ಚಲುವಯ್ಯ ಬೈಯಲೇ ಇಲ್ಲ. ಬಾನೆಟ್ಟು ಎತ್ತಿ, ಮುಚ್ಚಳ ಬಿಚ್ಚಿ, ಕಾಗದದ ಚೂರು ತೆಗೆದ.

"ಬನ್ನಿ ಬೈರಯ್ಯನೋರೆ," ಎಂದ. "ಇಲ್ಲಿ ನಿಂತ್ಕಂಡು ನೋಡ್ಕಳಿ. ಮುಂದ್ಲ ಸತಿ ನೀವೇ ಮಾಡ್ಕೋಬೌದು. ನಾನು ಈ ಕಡೀಕೆ ಬರಾಕಿಲ್ಲ."

ಬೈರಯ್ಯನ ಕಿವಿ ಬಿಸಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನಿಗೆ ಬನ್ನಿ ಅಂದಿದ್ದರು.

"ಲೇ ಚಲುವ, ನಾನು ನಿನ್ ಬಾವ ಕಣ್ಲಾ. ಬನ್ನಿ ಗಿನ್ನಿ ಯಾಕ್ಲಾ..."

"ಆ ಸ್ಕ್ರೂ ಬಿಗಿ ಮಾಡಿ," ಎಂದ ಚಲುವಯ್ಯ. "ಅಷ್ಟಲ್ಲ, ಇನ್ನೊಂಚೂರು. ಹಾಂ, ಸಾಕು ಬುಡಿ."

ಕೆಲಸ ಪೂರ್ತಿ ಹೇಳಿಕೊಟ್ಟ, ಒಂದನ್ನೂ ಮುಚ್ಚಿಡಲಿಲ್ಲ. ಕೈ ಒರೆಸಿಕೊಂಡು ಚೀಲ ಹೆಗಲಿಗೇರಿಸಿ ಹಾಸನದ ಬಸ್ಸಿಗೆ ಹೊರಟ. ಮಾದಕ್ಕನನ್ನು ವಿಚಾರಿಸಲಿಲ್ಲ.

ಪ್ರೇಮಕುಮಾರಿ ಕಾಫಿ ತಂದರು. ಬೈರಯ್ಯ ತನ್ನ ಲೋಟ ಒಡ್ಡಿದ, ಅವರು ಇನ್ನೊಂದು ಲೋಟ ನೆಲದ ಮೇಲಿಟ್ಟು ಆಚೀಚೆ ನೋಡಿದರು.

"ಎಲ್ಲಿ ಅವನು? ಹೋದ್ನಾ? ಹಾಗಾದ್ರೆ ಅವನದ್ನೂ ನೀನೇ ಕುಡ್ಕೋ."

ಎರಡಕ್ಕೂ ಮೇಲಿನಿಂದ ಹೊಯ್ದು ಒಳಗೆ ಹೋದರು. ಎರಡು ಕೈಯಲ್ಲಿ ಎರಡು ಲೋಟ ಹಿಡಿದು ಬೈರಯ್ಯ ಶೆಡ್ಡಿನ ಬಾಗಿಲಲ್ಲಿ ನಿಂತ. ಬೆರಳು ಸುಡುತ್ತಿತ್ತು, ಯಾವುದನ್ನು ಎಲ್ಲಿ ಇಳಿಸಬೇಕೆಂದು ತೋಚಲಿಲ್ಲ.