ಹಿರಿಯೂರಿನಿಂದ ಬಂದ ಇಪ್ಪತ್ನಾಲ್ಕು ಜನ

ಅಳತೆಪಟ್ಟಿಗೆ ಕೈ ಚಾಚಿದಾಗ ಎರ್ರಿಸ್ವಾಮಿಯ ಅಂಗಿಯ ತೋಳು ತಾಗಿ, ಸೇತುವೆಯ ಮೇಲೆ ನಿಂತಿದ್ದ ದಳಪತಿ ಮಗುಚಿ ಬಿದ್ದ. ಹೆಬ್ಬೆರಳಿನಷ್ಟು ಎತ್ತರದ ಸೀಸದ ಗೊಂಬೆ. ನೀಲಿ ಕೋಟು, ಎದೆಯ ಮೇಲೆ ಬಿಳಿ ಪಟ್ಟಿ, ಹುಬ್ಬು ಕೂಡ ಬರೆದ ಮುಖ. ಎತ್ತಿ ನಿಲ್ಲಿಸುವಾಗ ಅದರ ತಳ ಕಾಣಿಸಿತು. ತಳದಲ್ಲಿ ಒಂದು ಕೆಂಪು ಚುಕ್ಕೆ ಇತ್ತು.

ಅಲ್ಲಿ ಅದು ಇರಬಾರದಾಗಿತ್ತು.

ಎದುರಿಗೆ ಶಿವಕುಮಾರಪ್ಪ ಮೇಷ್ಟ್ರು ಕನ್ನಡಕ ಹಣೆಗೇರಿಸಿ ತಮ್ಮ ಕುದುರೆ ದಂಡಿನ ದೂರ ಅಳೆಯುತ್ತಿದ್ದರು. ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತ ಗುಡ್ಡಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಯಾರೂ ನೋಡಿರಲಿಲ್ಲ. ಎರ್ರಿಸ್ವಾಮಿ ಗೊಂಬೆಯನ್ನು ನಿಲ್ಲಿಸಿ ಕೈ ಹಿಂದಕ್ಕೆ ತೆಗೆದುಕೊಂಡ.

ಅದು ಎರಡು ಸಾವಿರದ ಎರಡನೇ ಇಸವಿಯ ಮಾರ್ಚ್ ತಿಂಗಳ ಒಂದು ಭಾನುವಾರ. ಹೊಳಲ್ಕೆರೆಯ ಸ್ಟೇಷನ್ ರಸ್ತೆಯಲ್ಲಿ ಗುಡ್ಡಪ್ಪನ ಮನೆಯ ಮಹಡಿ. ಎರಡು ಹಳೆಯ ಬಾಗಿಲುಗಳನ್ನು ಬೆಂಚುಗಳ ಮೇಲೆ ಮಲಗಿಸಿ ಮಾಡಿದ ಯುದ್ಧಭೂಮಿ. ಅದರ ಮೇಲೆ ಬಣ್ಣದ ನದಿ, ರಟ್ಟಿನ ಪಟ್ಟಣ, ಐಸ್‌ಕ್ರೀಮ್ ಕಡ್ಡಿಯ ಸೇತುವೆ. ಮೇಷ್ಟ್ರು ಹೊಸದುರ್ಗದವರು, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಎರ್ರಿಸ್ವಾಮಿ ಚಿತ್ರದುರ್ಗದಲ್ಲಿ ಲಾರಿಗಳ ನಂಬರ್ ಪ್ಲೇಟು, ಅಂಗಡಿ ಬೋರ್ಡು ಬರೆಯುವವನು. ಇಬ್ಬರೂ ಎರಡು ವರ್ಷದಿಂದ ಪೋಸ್ಟ್ ಕಾರ್ಡಿನಲ್ಲಿ ಒಂದು ದಂಡಯಾತ್ರೆ ಆಡುತ್ತಿದ್ದರು. ಅದರ ಕೊನೆಯ ಕಾಳಗವನ್ನು ಮಾತ್ರ ಎದುರುಬದುರು ಕೂತು ಆಡಬೇಕೆಂದು ಒಪ್ಪಂದವಾಗಿತ್ತು. ಹೊಳಲ್ಕೆರೆ ಇಬ್ಬರಿಗೂ ನಡುದಾರಿ. ಗುಡ್ಡಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು, ಯಾರ ಪಕ್ಷವೂ ಅಲ್ಲ. ಅದಕ್ಕೇ ಅವನು ತೀರ್ಪುಗಾರ.

ನಿಯಮ ಮೇಷ್ಟ್ರು ಬರೆದದ್ದು. ಇಬ್ಬರ ಸೈನ್ಯದಲ್ಲೂ ಆರಾರು ದಳ, ದಳಕ್ಕೆ ಹನ್ನೆರಡು ಜನ. ಆಟಕ್ಕೆ ಮುಂಚೆ ಇಬ್ಬರೂ ಗುಟ್ಟಾಗಿ ಒಂದು ದಳವನ್ನು ಆರಿಸಿ, ಅದರ ದಳಪತಿಯ ತಳಕ್ಕೆ ಕೆಂಪು ಚುಕ್ಕೆ ಇಡಬೇಕು. ಅದು ಗಟ್ಟಿ ದಳ, ಮೂರು ದಳದ ಬಲ ಅದಕ್ಕೆ. ಎರಡು ದಳ ಕೈ ಕೈ ಮಿಲಾಯಿಸಿದಾಗ ತೀರ್ಪುಗಾರ ಗೊಂಬೆ ತಿರುವಿ ನೋಡುತ್ತಾನೆ. ಕೊನೆಯಲ್ಲಿ ಮೇಜಿನ ಮೇಲೆ ಉಳಿದ ಎಲ್ಲ ದಳಪತಿಗಳನ್ನೂ ತಿರುವುತ್ತಾನೆ. ಇಡೀ ಸೈನ್ಯದಲ್ಲಿ ಒಂದೇ ಕೆಂಪು ಇರಬೇಕು. ಎರಡನೆಯದು ಸಿಕ್ಕಿದರೆ ಮೋಸ. ಮೋಸ ಮಾಡಿದವನು ಆಟದಿಂದ ಶಾಶ್ವತವಾಗಿ ಹೊರಗೆ. ಭರಮಸಾಗರದ ಗೋವಿಂದಪ್ಪ ಹಾಗೆ ಹೊರಗೆ ಹೋಗಿ ನಾಲ್ಕು ವರ್ಷವಾಗಿತ್ತು. ಮದುವೆ ಮನೆಯಲ್ಲಿ ಎದುರಾದರೂ ಮೇಷ್ಟ್ರು ಅವನ ಕಡೆ ತಿರುಗುತ್ತಿರಲಿಲ್ಲ.

ಎರ್ರಿಸ್ವಾಮಿ ಬೆಳಿಗ್ಗೆ ಕೆಂಪು ಚುಕ್ಕೆ ಇಟ್ಟದ್ದು ಪಟ್ಟಣದ ಗೋಡೆಯ ಹಿಂದಿರುವ ದಳಕ್ಕೆ. ಸೇತುವೆಯ ದಳಕ್ಕೆ ಅಲ್ಲ.

ಈ ಚುಕ್ಕೆ ಎಲ್ಲಿಂದ ಬಂತು ಎಂಬುದು ಅವನಿಗೆ ತಕ್ಷಣ ತಿಳಿಯಿತು. ಹಿರಿಯೂರಿನಿಂದ.

ಅವನು ಆಡುತ್ತಿದ್ದದ್ದು ಒಂದೇ ಆಟವಲ್ಲ. ಮಂಗಳವಾರ ದುರ್ಗದಲ್ಲಿ ಲಕ್ಷ್ಮೀಕಾಂತನ ಟ್ಯೂಷನ್ ಕೋಣೆಯಲ್ಲಿ ಟ್ಯಾಂಕುಗಳ ಯುದ್ಧ. ಅವನಿಗೆ ಒಂಬತ್ತು ಟ್ಯಾಂಕಿಗೆ ಮರಳಿನ ಬಣ್ಣ ಹೊಡೆದು ಕೊಡುವುದು ಬಾಕಿಯಿತ್ತು. ಭಾನುವಾರ ಹಿರಿಯೂರಿನಲ್ಲಿ, ಹೈವೇ ಪಕ್ಕ ಟೈರ್ ಅಂಗಡಿ ಇಟ್ಟಿರುವ ನಾಗರಾಜಪ್ಪನ ಜೊತೆ ಹಳೇ ಮೈಸೂರಿನ ಯುದ್ಧಗಳು. ತೂಕ ಸರಿದೂಗಿಸಲು ಚಕ್ರಕ್ಕೆ ಬಡಿಯುವ ಸೀಸದ ತುಂಡುಗಳನ್ನು ನಾಗರಾಜಪ್ಪ ಕೂಡಿಡುತ್ತಿದ್ದ. ಎರ್ರಿಸ್ವಾಮಿ ಅದನ್ನು ಕರಗಿಸಿ, ಪ್ಲಾಸ್ಟರ್ ಅಚ್ಚಿಗೆ ಹೊಯ್ದು ಸಿಪಾಯಿಗಳನ್ನು ಮಾಡುತ್ತಿದ್ದ. ಹೊಸದುರ್ಗದ ಆಟಕ್ಕೆ ಎರಡು ದಳ ಕಡಿಮೆ ಬಿದ್ದಾಗ ಹಿರಿಯೂರಿನ ಕೆಂಪು ಕೋಟಿನ ಇಪ್ಪತ್ನಾಲ್ಕು ಜನರನ್ನು ತಂದು, ಗುರುವಾರ ಮತ್ತು ಶುಕ್ರವಾರ ಕೂತು ನೀಲಿ ಕೋಟಿನವರನ್ನಾಗಿ ಮಾಡಿದ್ದ. ಬಣ್ಣ ಹೊಡೆಯುವಾಗ ಗೊಂಬೆಯನ್ನು ಸೋಡಾ ಬಾಟಲಿಯ ಮುಚ್ಚಳಕ್ಕೆ ಮೇಣದಲ್ಲಿ ಅಂಟಿಸಿ, ಮುಚ್ಚಳ ಹಿಡಿದು ತಿರುಗಿಸುವುದು ಅವನ ಪದ್ಧತಿ. ತಳ ಮೇಣದೊಳಗೆ. ತಳಕ್ಕೆ ಯಾರೂ ಬಣ್ಣ ಹೊಡೆಯುವುದಿಲ್ಲ. ಒಣಗಿದ ಮೇಲೆ ಕಿತ್ತು ನೇರವಾಗಿ ಹತ್ತಿಯಲ್ಲಿ ಮಲಗಿಸಿದ್ದ.

ಹಿರಿಯೂರಿನಲ್ಲಿ ತಳದ ಕೆಂಪು ಚುಕ್ಕೆ ಎಂದರೆ ಗಾಯಾಳು, ಎರಡು ವಾರ ಆಟಕ್ಕಿಲ್ಲ.

ಇದನ್ನು ಈಗಲೇ ಹೇಳಿಬಿಟ್ಟರೆ ಮುಗಿಯಿತಲ್ಲ? ಮುಗಿಯುತ್ತಿರಲಿಲ್ಲ. ಜನವರಿಯಲ್ಲಿ ಮೇಷ್ಟ್ರು ಬರೆದಿದ್ದರು: 'ನೀವು ಹಿರಿಯೂರಿನಲ್ಲಿಯೂ ಆಡುತ್ತಿರುವುದಾಗಿ ಕೇಳಿದೆ. ಇತ್ತೀಚೆಗೆ ನಿಮ್ಮ ನಡೆಗಳಲ್ಲಿ ಅವಸರ ಕಾಣುತ್ತಿದೆ. ನನ್ನೊಡನೆ ಆಡುವುದಾದರೆ ಅದನ್ನು ಬಿಡಿ.' ಎರ್ರಿಸ್ವಾಮಿ ಅದೇ ದಿನ ಉತ್ತರ ಬರೆದಿದ್ದ: 'ಬಿಟ್ಟಿದ್ದೇನೆ.'

ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಅವನು 'ಲೇ ಪೇಂಟ್ರೇ'. ಅವನ ಕೈ ಬೇಕು, ತಲೆ ಯಾರಿಗೂ ಬೇಕಿರಲಿಲ್ಲ. ಮೇಷ್ಟ್ರು ಮಾತ್ರ 'ಶ್ರೀ ಎರ್ರಿಸ್ವಾಮಿಯವರಿಗೆ' ಎಂದು ಬರೆಯುತ್ತಿದ್ದರು. ಅವನು ನದಿ ಯಾಕೆ ದಾಟಲಿಲ್ಲ, ದಾಟಿದ್ದರೆ ಏನಾಗುತ್ತಿತ್ತು ಎಂದು ಕಾರ್ಡಿನ ಅಂಚಿನವರೆಗೂ ಸಣ್ಣಕ್ಷರದಲ್ಲಿ ವಾದ ಮಾಡುತ್ತಿದ್ದರು. ಆ ಕಾರ್ಡುಗಳು ನಿಂತುಹೋಗುವುದು ಅವನಿಗೆ ಬೇಕಿರಲಿಲ್ಲ.

"ನಿಮ್ದು ನಡ್ಸ್ರಿ," ಎಂದರು ಮೇಷ್ಟ್ರು.

"ಹ್ಞಾಂ ಮೇಷ್ಟ್ರೇ."

"ಏನಪ್ಪ, ಸೇತುವೆ ಮೇಲೆ ನಿದ್ದೆ ಬಂತಾ?" ಗುಡ್ಡಪ್ಪ ನಕ್ಕ.

ಎರ್ರಿಸ್ವಾಮಿ ಏನೋ ಒಂದು ನಡೆಸಿದ. ಅವನ ಚೀಲದಲ್ಲಿ ಥಿನ್ನರ್ ಇತ್ತು. ಒಂದು ಹನಿ, ಬಟ್ಟೆಯ ತುದಿ, ಎರಡು ಸೆಕೆಂಡು ಸಾಕು. ಟೀ ಹೊತ್ತಿಗೆ ಕಾಯ್ದ. ಹನ್ನೊಂದು ಗಂಟೆಗೆ ಗುಡ್ಡಪ್ಪನ ಹೆಂಡತಿ ಓಬಮ್ಮ ಕೆಳಗಿನಿಂದ ಕೂಗಿದಳು. ಮೂವರೂ ಎದ್ದರು.

"ನೀವು ನಡೀರಿ, ನಾನು ಚೀಲ ನೋಡ್ಕಂಡು ಬರ್ತೀನಿ," ಎಂದ ಎರ್ರಿಸ್ವಾಮಿ.

"ಚೀಲ ಎಲ್ಲಿಗೂ ಓಡಿಹೋಗಲ್ಲ, ಬಾರಪ್ಪ." ಗುಡ್ಡಪ್ಪ ಅವನನ್ನು ಹೊರಗೆ ದಬ್ಬಿ ಬಾಗಿಲಿಗೆ ಬೀಗ ಹಾಕಿದ. ಕೀಲಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡ. "ಮೂವತ್ತೊಂದು ವರ್ಷ ಕೀಲಿ ಇಲ್ದೆ ಒಂದು ಗಾಡಿ ಬಿಟ್ಟಿಲ್ಲ ನಾನು. ಆಟ ಅಂದ್ರೂ ಅಷ್ಟೇ."

ಟೀ ಕುಡಿಯುವಾಗ ಮೇಷ್ಟ್ರು ಅವನ ಕಡೆ ಬಾಗಿ, "ಆ ಬಿಳಿ ಪಟ್ಟಿ ಅಷ್ಟು ಸಣ್ಣಗೆ ಹೆಂಗೆ ಎಳೀತೀರ್ರಿ?" ಎಂದು ಕೇಳಿದರು.

"ಅಳಿಲಿನ ಕೂದಲಿನ ಬ್ರಷ್ಷು. ಉಸಿರು ಬಿಗಿಹಿಡಿದು ಎಳೀಬೇಕು," ಎಂದ.

ಮೇಲೆ ಬಂದು ಕೂತಾಗ ದಾರಿ ಒಂದೇ ಉಳಿದಿತ್ತು. ಮೇಜಿನ ಅಂಚು ದಾಟಿ ಹೋದ ದಳವನ್ನು ಒಡೆಯ ತನ್ನ ಡಬ್ಬಿಗೆ ಹಾಕಿಕೊಳ್ಳಬಹುದು, ತೀರ್ಪುಗಾರ ಅದನ್ನು ತಿರುವುವುದಿಲ್ಲ. ಸೇತುವೆಯಿಂದ ಎಡ ಅಂಚಿಗೆ ಹದಿನೆಂಟು ಇಂಚು. ಕಾಲ್ದಳ ಒಂದು ಸರದಿಗೆ ಆರು ಇಂಚು ನಡೆಯುತ್ತದೆ. ಮೂರು ಸರದಿ. ಆದರೆ ಸೇತುವೆ ಬಿಟ್ಟರೆ ಕಾಳಗವೇ ಹೋದಂತೆ. ಹೋಗಲಿ. ಸೋತವನಿಗೆ ಮತ್ತೊಂದು ಆಟವಿರುತ್ತದೆ.

ಅವನು ದಳವನ್ನು ಹಿಂದಕ್ಕೆ ಸರಿಸಿದ.

ಮೇಷ್ಟ್ರು ತಲೆ ಎತ್ತಿದರು. ಅವನನ್ನು ನೋಡಿದರು. ಸೇತುವೆಯನ್ನು ನೋಡಿದರು. ಖಾಲಿ ಸೇತುವೆ. ಪಟ್ಟಣದ ದಾರಿ ಬಟಾಬಯಲು. ಅವರ ಮೂರು ಕುದುರೆ ದಳಗಳು ನೇರವಾಗಿ ಒಳಗೆ ನುಗ್ಗಬಹುದಿತ್ತು. ಅವರು ನುಗ್ಗಲಿಲ್ಲ. ಗಲ್ಲಕ್ಕೆ ಬೆರಳು ಇಟ್ಟುಕೊಂಡು ಬಹಳ ಹೊತ್ತು ಕೂತು, ಕುದುರೆಗಳನ್ನು ಸೇತುವೆ ದಾಟಿಸಿ, ಪಟ್ಟಣದ ಕಡೆಗಲ್ಲ, ಹಿಂದೆ ಸರಿಯುತ್ತಿದ್ದ ದಳದ ಕಡೆಗೆ ತಿರುಗಿಸಿದರು.

ಎರ್ರಿಸ್ವಾಮಿಗೆ ಅರ್ಥವಾಗಲಿಲ್ಲ. ಇನ್ನೂ ಆರು ಇಂಚು ಸರಿಸಿದ. ಮೇಷ್ಟ್ರು ಹಿಂದಿದ್ದ ಕಾಲ್ದಳಗಳನ್ನೂ ಅದೇ ಕಡೆ ಹೊರಡಿಸಿದರು. ಅರವತ್ಮೂರರ ಆ ಮುಖದಲ್ಲಿ ಹೈಸ್ಕೂಲು ಹುಡುಗನೊಬ್ಬನ ಖುಷಿ ಕಾಣುತ್ತಿತ್ತು.

"ಸಿಕ್ಕಿಬಿದ್ರಿ ಎರ್ರಿಸ್ವಾಮಿಯವರೇ! ಗಟ್ಟಿ ದಳ ಅದೇ ಅಲ್ವೇನ್ರಿ?"

ಎರ್ರಿಸ್ವಾಮಿ ತಲೆ ಎತ್ತಿದ.

"ಹೇಳಬ್ಯಾಡ್ರಿ, ಹೇಳಬ್ಯಾಡ್ರಿ. ಎರಡು ವರ್ಷ ನಿಮ್ಮ ಕಾರ್ಡ್ ಓದೀನಿ ನಾನು. ನೀವು ಸುಮ್ಸುಮ್ನೆ ಓಡೋ ಮನುಷ್ಯ ಅಲ್ಲ. ಸೇತುವೆ ಬಿಟ್ಟುಕೊಟ್ಟು ಉಳಿಸ್ತಾ ಇದೀರಿ ಅಂದ್ರೆ ಅಂಥಾದ್ದು ಏನೋ ಐತೆ ಅದರೊಳಗೆ. ಗುಡ್ಡಪ್ಪ, ನೋಡ್ತಿರು, ಇನ್ನೊಂದು ಸರದಿ."

"ಇನ್ನೊಂದು ಸರದಿ ಅವನ್ದು," ಎಂದ ಗುಡ್ಡಪ್ಪ. "ಅವನು ಅಂಚು ದಾಟ್ಸಿದ್ರೆ ನೀವು ಕೈ ಕೈ ಹಿಸುಕ್ಕೊಬೇಕು."

ಗುಡ್ಡಪ್ಪ ಹೇಳಿದ್ದು ಸರಿಯಾಗಿತ್ತು. ಅಂಚಿಗೆ ಆರೇ ಇಂಚು ಉಳಿದಿತ್ತು. ಎರ್ರಿಸ್ವಾಮಿ ಮೇಜನ್ನು ನೋಡಿದ. ಮೇಷ್ಟ್ರ ಇಡೀ ಸೈನ್ಯ ಎಡ ಮೂಲೆಗೆ ಬಂದು ತುರುಕಿಕೊಂಡಿತ್ತು. ಬಲಕ್ಕೆ, ಪಟ್ಟಣದ ಗೋಡೆಯ ಹಿಂದೆ, ಅವನ ನಿಜವಾದ ಗಟ್ಟಿ ದಳ ಕಾಯುತ್ತಿತ್ತು. ಹೊರಬಂದು ಸೇತುವೆ ಮುಚ್ಚಿದರೆ ಮೇಷ್ಟ್ರು ನದಿಯ ಈಚೆ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಕಾಳಗ ಅವನದು. ದಂಡಯಾತ್ರೆಯೂ ಅವನದು. ದಳ ಡಬ್ಬಿಗೆ ಬೀಳುತ್ತದೆ, ಚುಕ್ಕೆ ಹತ್ತಿಯೊಳಗೆ ಸೇರುತ್ತದೆ. ಮೇಷ್ಟ್ರು ಮುಂದಿನ ವಾರ ಕಾರ್ಡು ಬರೆಯುತ್ತಾರೆ. ಆ ಹಿನ್ನಡೆಯ ಉಪಾಯವನ್ನು ಹೊಗಳಿ, ಅಂಚಿನವರೆಗೂ ಬರೆಯುತ್ತಾರೆ.

ಅದನ್ನು ಅವನು ಓದಬೇಕಾಗುತ್ತದೆ.

ಅವನು ದಳಪತಿಯನ್ನು ಎತ್ತಿಕೊಂಡ. ಅಂಚಿನ ಕಡೆಗೆ ಒಯ್ದ. ಕೈ ಅಲ್ಲೇ ನಿಂತಿತು.

"ಏನಪ್ಪ?" ಎಂದ ಗುಡ್ಡಪ್ಪ.

ಎರ್ರಿಸ್ವಾಮಿ ಗೊಂಬೆಯನ್ನು ತಲೆಕೆಳಗಾಗಿ ಮೇಷ್ಟ್ರ ಮುಂದೆ ಇಟ್ಟ.

"ನೋಡಿದ್ರಾ!" ಮೇಷ್ಟ್ರು ಮೇಜು ಕುಟ್ಟಿದರು. "ಕೆಂಪು! ನಾನು ಹೇಳ್ಲಿಲ್ವಾ?"

"ಗಟ್ಟಿ ದಳ ಅದಲ್ಲ ಮೇಷ್ಟ್ರೇ. ಪಟ್ಟಣದಾಗೂ ಒಂದು ಕೆಂಪು ಐತೆ. ನಾನು ಇಟ್ಟಿದ್ದು ಅದು. ಇದು ಮೊದ್ಲೇ ಇತ್ತು. ಟೀಗಿಂತ ಮುಂಚೆ ನೋಡ್ದೆ. ಅದಕ್ಕೇ ಓಡುಸ್ತಿದ್ದೆ."

ಗುಡ್ಡಪ್ಪ ಎದ್ದು ಪಟ್ಟಣದ ದಳಪತಿಯನ್ನು ತಿರುವಿದ. ಕೆಂಪು. ಎರಡನ್ನೂ ಅಕ್ಕಪಕ್ಕ ಮಲಗಿಸಿದ.

ಮೇಷ್ಟ್ರು ಓಡಿಬಂದ ದಳಪತಿಯನ್ನು ಕೈಗೆತ್ತಿಕೊಂಡು, ಕನ್ನಡಕ ಇಳಿಸಿ, ಉಗುರಿನಿಂದ ಅದರ ಭುಜ ಕೆರೆದರು. ನೀಲಿ ಚಕ್ಕೆ ಎದ್ದಿತು. ಅದರಡಿ ಕೆಂಪು ಕೋಟು.

"ಹಿರಿಯೂರು," ಎಂದರು.

"ಹೌದು."

"ಬಿಟ್ಟೀನಿ ಅಂತ ಬರೆದಿದ್ರಿ."

"ಬಿಟ್ಟಿಲ್ಲ."

"ಇವತ್ತು ಭಾನುವಾರ. ಅಲ್ಲಿ ಆಟ ಇಲ್ವಾ?"

"ಐತೆ. ಜ್ವರ ಅಂತ ಹೇಳೀನಿ."

"ಜ್ವರ ಬಂದೋನು ಎಪ್ಪತ್ತೆರಡು ಜನ ಸೀಸದೋರನ್ನ ಹೊತ್ಕಂಡು ಬಸ್ಸಲ್ಲಿ ಬಂದಾನೆ," ಎಂದ ಗುಡ್ಡಪ್ಪ. ಯಾರೂ ನಗಲಿಲ್ಲ. ಅವನೂ ಕೂತ. "ಕಾಳಗ ಮೇಷ್ಟ್ರದ್ದು. ಮಿಕ್ಕಿದ್ದು ನಿಮ್ಮ ನಿಯಮ, ನೀವೇ ನೋಡ್ಕಳ್ರಿ."

ಮೇಷ್ಟ್ರು ನಿಯಮದ ಮಾತೆತ್ತಲಿಲ್ಲ. ಎರ್ರಿಸ್ವಾಮಿಯ ಕಡೆಯ ಮೊದಲ ಗೊಂಬೆಯನ್ನು ಎತ್ತಿ ತಳ ನೋಡಿದರು. ಇದ್ದಲ್ಲಿಯೇ ನಿಲ್ಲಿಸಿದರು. ಎರಡನೆಯದು. ಮೂರನೆಯದು. ದಳಪತಿಗಳನ್ನಷ್ಟೇ ಅಲ್ಲ, ಒಬ್ಬೊಬ್ಬ ಸಿಪಾಯಿಯನ್ನೂ. ಕೋಣೆಯಲ್ಲಿ ಸೀಸ ಮರಕ್ಕೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎರ್ರಿಸ್ವಾಮಿ ನಿಂತೇ ಇದ್ದ. ಪೊಲೀಸರು ಮನೆ ಜಾಲಾಡುವಾಗ ಅಂಗಳದಲ್ಲಿ ನಿಂತವನ ಹಾಗೆ. ಅವನಿಗೆ ಇನ್ನೊಂದು ಭಯ ಹುಟ್ಟಿತ್ತು. ಇಪ್ಪತ್ನಾಲ್ಕು ಜನರಲ್ಲಿ ಅವನು ತಳ ನೋಡಿದ್ದು ಒಬ್ಬನದು ಮಾತ್ರ. ಇನ್ನೊಬ್ಬ ಗಾಯಾಳು ಇದ್ದರೆ? ಈಗ ಹೇಳಿದ್ದೂ ಅರ್ಧ ಸುಳ್ಳಾಗುತ್ತದೆ. ಇದ್ದಾನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಐದು ದಳ ಮುಗಿಯಿತು. ಉಳಿದದ್ದು ಒಂದು, ನದಿಯ ತಿರುವಿನದು. ಅದೂ ಹಿರಿಯೂರಿನದೇ. ಮೇಷ್ಟ್ರು ಅದರ ಮೇಲೆ ಕೈ ಹಿಡಿದರು, ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಪಂಚೆಯ ಅಂಚಿಗೆ ಬೆರಳು ಒರೆಸಿಕೊಂಡು ಕುರ್ಚಿಗೆ ಒರಗಿದರು.

"ಇವು ನೀವು ನೋಡ್ರಿ," ಎಂದರು. ಕಿಟಕಿಯ ಕಡೆ ಮುಖ ತಿರುಗಿಸಿದರು.

ಎರ್ರಿಸ್ವಾಮಿ ಬಾಗಿ ಒಂದೊಂದಾಗಿ ತಿರುವಿದ. ಒಂದು, ಖಾಲಿ. ಎರಡು, ಖಾಲಿ. ಕೆಳಗೆ ಓಬಮ್ಮ ಯಾರನ್ನೋ ಬೈಯುತ್ತಿದ್ದಳು. ಆರು, ಖಾಲಿ. ಏಳನೆಯವನು ಬಂದೂಕು ಇಳಿಬಿಟ್ಟು ನಿಂತ ಸಣಕಲು ಸಿಪಾಯಿ. ಅವನ ತಳದಲ್ಲಿ, ಮೇಣದ ಪೊರೆಯ ಕೆಳಗೆ ಮಸುಕಾಗಿ ಕೆಂಪು ಇತ್ತು. ಮೇಷ್ಟ್ರು ಇನ್ನೂ ಕಿಟಕಿಯನ್ನೇ ನೋಡುತ್ತಿದ್ದರು. ಗುಡ್ಡಪ್ಪನ ಕಣ್ಣು ಎಲೆಯ ಮೇಲಿತ್ತು.

"ಇಲ್ಲೊಂದು ಐತೆ ಮೇಷ್ಟ್ರೇ," ಎಂದ ಎರ್ರಿಸ್ವಾಮಿ.

ಮೇಷ್ಟ್ರು ತಿರುಗಲಿಲ್ಲ. ಕಿಟಕಿಯ ಕಡೆ ನೋಡುತ್ತಲೇ ಅಂದರು, "ಒರ್ಸ್ರಿ. ಇನ್ನೂ ಐದು ಜನ ಅವ್ರೆ, ಅವ್ರನ್ನೂ ನೋಡ್ರಿ. ಮುಂದಿನ ಸಲ ಹಿರಿಯೂರಿನೋರನ್ನ ಹಿರಿಯೂರಲ್ಲೇ ಬಿಟ್ಟು ಬರ್ರಿ."

ಎರ್ರಿಸ್ವಾಮಿ ಎಂಟನೆಯವನನ್ನು ಎತ್ತಿಕೊಂಡ.